ಕೇಳಿದರೆ ಕೇಳಿಸುತ್ತದೆ: ಅಂಗಡಿಯ ಹಾಡೂ ಕನ್ನಡದ ಕೆಲಸವೇ!

(ಕೊಪ್ಪಳದಲ್ಲಿ ನಡೆದ ಕನ್ನಡ ಯುವಕ-ಯುವತಿಯರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಪಂಡಿತನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು. ಹುಡುಗನಿದ್ದಾಗ ಮೊಳೆ ಜೋಡಿಸಿದ್ದೇನೆ, ಟ್ರೆಡಲ್ ತುಳಿದಿದ್ದೇನೆ, ಈಗ ಆಫ್‌ಸೆಟ್ ನಡೆಸುತ್ತೇನೆ. ಗಂಗಾವತಿಯ ರೈಸ್ ಮಿಲ್ಲಿನ ಬಿಲ್ ಬುಕ್, ಕುಷ್ಟಗಿಯ ಲಗ್ನಪತ್ರಿಕೆ, ಯಲಬುರ್ಗಾದ ಜಾತ್ರೆಯ ಕರಪತ್ರ, ಕೊಪ್ಪಳದ ಅಂಗಡಿಗಳ ಕೈಚೀಲ, ಇವೇ ನಾನು ಅಚ್ಚು ಹಾಕಿದ ಗ್ರಂಥಗಳು! ಈ ನಾಲ್ಕೂ ಊರಿನ ಅಂಗಡಿಕಾರರ ಗಲ್ಲಾದ ಮುಂದೆ ಕೂತು ಬಾಕಿ ವಸೂಲಿ ಮಾಡುವುದು ನನ್ನ ಪ್ರತಿ ತಿಂಗಳ ಕೆಲಸ. ಸಾವ್ಕಾರ್ರು ದುಡ್ಡು ತೆಗೆಯುವತನಕ ಕೈಗೆ ಕೆಲಸವಿಲ್ಲ, ಬಾಯಿಗೂ ಕೆಲಸವಿಲ್ಲ. ಕೆಲಸ ಇರುವುದು ಕಿವಿಗೆ ಮಾತ್ರ. ಹಾಗೆ ಕೂತು ಕಿವಿಗೆ ಬಿದ್ದದ್ದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

2024ರಲ್ಲಿ ನಮ್ಮ ಸರ್ಕಾರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ತಂದಿತು. ಅಂಗಡಿಯ ನಾಮಫಲಕದ ಶೇಕಡಾ 60 ಭಾಗ ಕನ್ನಡದಲ್ಲಿರಬೇಕು, ಅದೂ ಫಲಕದ ಮೇಲ್ಭಾಗದಲ್ಲಿರಬೇಕು ಎಂದು ಕಾನೂನಾಯಿತು. ಒಳ್ಳೆಯ ಕೆಲಸ. ಆದರೆ ಬೋರ್ಡು ಓದಿ ಒಳಗೆ ಕಾಲಿಟ್ಟರೆ ನಮಗೆ ಮೊದಲು ಸ್ವಾಗತ ಹೇಳುವುದು ಯಾರು? ಸೇಲ್ಸ್ ಹುಡುಗನೂ ಅಲ್ಲ, ಮಾಲೀಕನೂ ಅಲ್ಲ. ಮೂಲೆಯಲ್ಲಿ ಮೊಳೆ ಹೊಡೆದು ತೂಗುಹಾಕಿದ ಆ ಕರಿ ಡಬ್ಬಿ! ಬೋರ್ಡಿಗೆ ಹಣೆಯ ಮೇಲೆ ಕನ್ನಡ, ಡಬ್ಬಿಯ ಬಾಯಲ್ಲಿ ಮುಂಬೈ ಸಿನಿಮಾ. ಬೋರ್ಡನ್ನು ಗಿರಾಕಿ ನೋಡುವುದು ಒಂದು ಗಳಿಗೆ. ಹಾಡನ್ನು ಕೇಳುವುದು ಅರ್ಧ ತಾಸು. ಅಂಗಡಿಯಲ್ಲಿ ದುಡಿಯುವ ನಮ್ಮ ಹುಡುಗ-ಹುಡುಗಿಯರು ಕೇಳುವುದು ದಿನಕ್ಕೆ ಹತ್ತು ತಾಸು. ಹತ್ತು ತಾಸು ಕಿವಿಗೆ ಬಿದ್ದದ್ದು ಬಾಯಿಗೆ ಬಾರದೆ ಇರುತ್ತದೆಯೇ?

ಅಂಗಡಿಯಲ್ಲಿ ಇಂಥ ಭಾಷೆಯ ಹಾಡನ್ನೇ ಹಚ್ಚಬೇಕೆಂದು ಯಾವ ಕಾನೂನೂ ಇಲ್ಲ. ಅಂಥ ಕಾನೂನು ಬೇಕು ಎಂದು ನಾನು ಕೇಳುವುದೂ ಇಲ್ಲ. ಯಾಕೆ ಎನ್ನುವುದಕ್ಕೆ ನಾನೇ ಮಾಡಿದ ಒಂದು ತಪ್ಪನ್ನು ಮೊದಲು ಒಪ್ಪಿಕೊಳ್ಳಬೇಕು.

ನಮ್ಮ ಘೋಷಣೆ, ಆ ಹುಡುಗಿಯ ಕಿವಿ

ಹತ್ತು-ಹನ್ನೆರಡು ವರ್ಷದ ಹಿಂದಿನ ಮಾತು. ರಾಜ್ಯೋತ್ಸವದ ವಾರ. ನಾವು ಹದಿನೈದು ಮಂದಿ ಹಳದಿ-ಕೆಂಪು ಶಾಲು ಹಾಕಿಕೊಂಡು ಒಂದು ಅರಿವೆ ಅಂಗಡಿಗೆ ನುಗ್ಗಿದೆವು. ಒಳಗೆ ಹಿಂದಿ ಹಾಡು. 'ಕನ್ನಡ ನೆಲದಾಗ ಕನ್ನಡ ಹಾಡು ಹಚ್ಚರಿ!' ಎಂದು ಕೂಗಿದೆವು. ಸೀರೆ ಆರಿಸುತ್ತಿದ್ದ ಹೆಣ್ಣುಮಕ್ಕಳು ಬೆದರಿ ಎದ್ದುನಿಂತರು. ಮಾಲೀಕರು ಮರುಮಾತಾಡದೆ ಫೋನ್ ಒತ್ತಿ ಒಂದು ಕನ್ನಡ ಹಾಡು ಹಚ್ಚಿದರು. ನಮ್ಮವನೊಬ್ಬ ಓಡಿಹೋಗಿ ಸೌಂಡ್ ಪೂರ್ತಿ ಏರಿಸಿದ. ಚಪ್ಪಾಳೆ ಹೊಡೆದು, ಫೋಟೋ ತೆಗೆಸಿಕೊಂಡು ಹೊರಬಂದೆವು. ಗೆದ್ದೆವು ಅಂದುಕೊಂಡೆವು.

ತಿಂಗಳ ಮೇಲೆ ಅದೇ ಅಂಗಡಿಗೆ ನನ್ನ ಬಾಕಿ ಕೇಳಲು ಹೋದೆ. ಮತ್ತೆ ಹಿಂದಿ ಹಾಡೇ! ನನ್ನ ಮುಖ ನೋಡಿ ಮಾಲೀಕರು ನಕ್ಕರು. 'ಏನ್ರಿಪಾ, ಕನ್ನಡದ ಮ್ಯಾಲೆ ಇಷ್ಟು ಕಾಳಜಿ ಇದ್ದಾವ್ರು, ಹದಿನೈದು ಮಂದ್ಯಾಗ ಒಬ್ಬರರ ನಮ್ಮ ಅಂಗಡ್ಯಾಗ ಒಂದು ಟಾವೆಲ್ ತಗೊಂಡೀರೇನು? ಅವತ್ತು ಕೂತಿದ್ದ ಗಿರಾಕಿ ಎದ್ದು ಹೋದ್ರು ನೋಡ್ರಿ' ಅಂದರು. ನನಗೆ ಸಿಟ್ಟು ಬಂತು, ಉತ್ತರ ಬರಲಿಲ್ಲ.

ಹೊರಗೆ ಬರುವಾಗ ಕೌಂಟರಿನ ಹುಡುಗಿ ಮೆಲ್ಲಗೆ ಕರೆದಳು. ಯಲಬುರ್ಗಾ ಕಡೆಯ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವ ಹುಡುಗಿ. 'ಅಣ್ಣಾರ, ಅವತ್ತು ಹಾಡು ಬದಲಿ ಮಾಡಿಸಿದ್ರಿ, ಚಲೋ ಆತು. ಸೌಂಡ್ ಕಡಿಮಿ ಮಾಡಿಸಿದ್ರ ಇನ್ನೂ ಚಲೋ ಆಕ್ಕಿತ್ತು. ಮನಿಗೆ ಹೋದಮ್ಯಾಲೂ ಕಿವ್ಯಾಗ ಗುಂಯ್ ಅಂತೈತ್ರಿ' ಅಂದಳು.

ಬಂಧುಗಳೇ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕನ್ನಡದ ಹೆಸರಲ್ಲಿ ನಾವು ಒಬ್ಬ ಕನ್ನಡದ ಹುಡುಗಿಯ ಕಿವಿಗೆ ಪೆಟ್ಟು ಕೊಟ್ಟು ಬಂದಿದ್ದೆವು. ಗಿರಾಕಿಗೆ ಕನ್ನಡ ಎಂದರೆ ಗದ್ದಲ ಎಂದು ಕಲಿಸಿ ಬಂದಿದ್ದೆವು. ವ್ಯಾಪಾರಿಗೆ ಕನ್ನಡ ಎಂದರೆ ನಷ್ಟ ಎಂದು ತೋರಿಸಿ ಬಂದಿದ್ದೆವು. ಇದಕ್ಕಿಂತ ಹೆಚ್ಚು ಅಪಕಾರವನ್ನು ಕನ್ನಡದ ವೈರಿಯೂ ಮಾಡಲಾರ.

ಅಂದಿನಿಂದ ನಾನು ಈ ವಿಷಯ ತಿಳಿದುಕೊಳ್ಳಲು ಹೊರಟೆ. ಅಂಗಡಿಯಲ್ಲಿ ಹಾಡು ಯಾಕೆ ಹಚ್ಚುತ್ತಾರೆ? ಅದು ಏನು ಮಾಡುತ್ತದೆ? ಯಾವ ಹಾಡು, ಯಾವ ಹೊತ್ತಿಗೆ, ಎಷ್ಟು ದನಿಯಲ್ಲಿ?

ಹಂತಿಯ ಹಾಡಿನಿಂದ ಸೂಪರ್ ಮಾರ್ಕೆಟ್ಟಿನವರೆಗೆ

ಕೆಲಸದ ಹಿಂದೆ ಹಾಡು ಇರಬೇಕೆನ್ನುವುದು ಅಮೆರಿಕದವರು ಕಂಡುಹಿಡಿದದ್ದಲ್ಲ. ನಮ್ಮ ಕಣದಲ್ಲಿ ರಾತ್ರಿಯಿಡೀ ಎತ್ತು ತಿರುಗಿಸಿ ಹಂತಿ ಹೊಡೆಯುವಾಗ ಹಂತಿಯ ಹಾಡು ಇತ್ತು. ಎತ್ತಿನ ಕಾಲು ನಿಲ್ಲಬಾರದು, ಮನುಷ್ಯನ ಕಣ್ಣು ಮುಚ್ಚಬಾರದು, ಅದಕ್ಕೆ ಆ ಹಾಡು. ಬೀಸುವಾಗ ಒಂದು ನಡೆ, ಕುಟ್ಟುವಾಗ ಇನ್ನೊಂದು ನಡೆ. ಬೀಸುವ ಹಾಡಿನ ನಡೆಯಲ್ಲಿ ಕುಟ್ಟಿದರೆ ಒನಕೆ ತಪ್ಪುತ್ತದೆ ಎಂದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು.

ಇದನ್ನೇ ಆಮೇಲೆ ಅಮೆರಿಕದವರು ವ್ಯಾಪಾರ ಮಾಡಿಕೊಂಡರು. ಅಲ್ಲಿ 1934ರಲ್ಲಿ ಮ್ಯೂಜಾಕ್ ಎಂಬ ಕಂಪನಿ ಬಂತು. ಹೋಟೆಲಿಗೆ, ಕಾರ್ಖಾನೆಗೆ, ಅಂಗಡಿಗೆ ತಂತಿಯ ಮೂಲಕ ಸಂಗೀತ ಹಂಚುವುದೇ ಅದರ ದಂಧೆ. 1982ರಲ್ಲಿ ರೊನಾಲ್ಡ್ ಮಿಲ್ಲಿಮನ್ ಎಂಬ ಪ್ರಾಧ್ಯಾಪಕರು ಅಲ್ಲಿಯ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ಮಾಡಿದ ಪ್ರಯೋಗವನ್ನು ಪ್ರಕಟಿಸಿದರು. ಕೆಲವು ದಿನ ನಿಮಿಷಕ್ಕೆ 72 ಅಥವಾ ಅದಕ್ಕಿಂತ ಕಡಿಮೆ ಬಡಿತದ ನಿಧಾನದ ಸಂಗೀತ, ಕೆಲವು ದಿನ 94 ಅಥವಾ ಅದಕ್ಕಿಂತ ಹೆಚ್ಚು ಬಡಿತದ ವೇಗದ ಸಂಗೀತ. ನಿಧಾನದ ದಿನಗಳಲ್ಲಿ ಜನ ನಿಧಾನ ನಡೆದರು. ಆ ದಿನಗಳ ವ್ಯಾಪಾರ ವೇಗದ ದಿನಗಳಿಗಿಂತ ಸುಮಾರು ಶೇಕಡಾ 38ರಷ್ಟು ಹೆಚ್ಚಾಯಿತು. ಅದಕ್ಕೂ ಮೊದಲು 1966ರಲ್ಲಿ ಇನ್ನಿಬ್ಬರು ಸೌಂಡಿನ ಪ್ರಯೋಗ ಮಾಡಿದ್ದರು. ಗಟ್ಟಿಯಾಗಿ ಹಚ್ಚಿದಾಗ ಜನ ಬೇಗ ಬೇಗ ಹೊರಬಿದ್ದರು. ನಮ್ಮ ಹದಿನೈದು ಮಂದಿಯ ಪರಾಕ್ರಮದ ಫಲಿತಾಂಶ 1966ರಲ್ಲೇ ಅಚ್ಚಾಗಿತ್ತು ನೋಡಿ!

ಇನ್ನೊಂದು ಪ್ರಯೋಗ ಭಾಷೆಯ ಬಗ್ಗೆ ಯೋಚಿಸುವ ನಮಗೆಲ್ಲ ಬಹಳ ಮುಖ್ಯ. 1997ರಲ್ಲಿ, ಅಂದರೆ ನಮ್ಮ ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ವರ್ಷವೇ, ಇಂಗ್ಲೆಂಡಿನ ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಬರಹ ಪ್ರಕಟಿಸಿದರು. ಒಂದು ಅಂಗಡಿಯ ಒಂದೇ ಕಪಾಟಿನಲ್ಲಿ ಫ್ರಾನ್ಸಿನ ದ್ರಾಕ್ಷಾರಸ, ಜರ್ಮನಿಯ ದ್ರಾಕ್ಷಾರಸ ಎರಡನ್ನೂ ಇಟ್ಟರು. ಬೆಲೆಯೂ ಸರಿಸಮ. ಒಂದು ದಿನ ಫ್ರಾನ್ಸಿನ ಸಂಗೀತ, ಮರುದಿನ ಜರ್ಮನಿಯ ಸಂಗೀತ. ಫ್ರಾನ್ಸಿನ ಸಂಗೀತ ಇದ್ದಾಗ ಫ್ರಾನ್ಸಿನದು 40 ಬಾಟಲಿ ಹೋಯಿತು, ಜರ್ಮನಿಯದು 8. ಜರ್ಮನಿಯ ಸಂಗೀತ ಇದ್ದಾಗ ಜರ್ಮನಿಯದು 22, ಫ್ರಾನ್ಸಿನದು 12. ‘ಹಾಡು ಕೇಳಿ ಕೊಂಡಿರಾ?’ ಎಂದು ಕೇಳಿದರೆ ಹೆಚ್ಚಿನವರು ಇಲ್ಲವೇ ಇಲ್ಲ ಅಂದರು. ಕಿವಿ ಕೈಯನ್ನು ನಡೆಸಿತ್ತು, ತಲೆಗೆ ಗೊತ್ತೇ ಆಗಲಿಲ್ಲ!

ಈಗ ಇದನ್ನು ಕುಷ್ಟಗಿಗೆ ತನ್ನಿ. ಕುಷ್ಟಗಿಗೆ ಇಳಕಲ್ಲು ಹತ್ತಿರ. ಅಂಗಡಿಯ ಒಂದು ಕಪಾಟಿನಲ್ಲಿ ಇಳಕಲ್ಲ ಸೀರೆ, ಪಕ್ಕದಲ್ಲಿ ಸೂರತ್ತಿನಿಂದ ಬಂದ ಮಿಲ್ ಸೀರೆ. ಮೇಲೆ ಮುಂಬೈ ಹಾಡು ಹಚ್ಚಿಟ್ಟು, ‘ಇಳಕಲ್ಲ ಸೀರೆ ಯಾರೂ ಕೇಳವಲ್ಲರು’ ಎಂದು ಅಂಗಡಿಕಾರ ಗೋಳಾಡಿದರೆ ಏನು ಹೇಳೋಣ? ಹಾಡು ಒಂದರಿಂದಲೇ ಸೀರೆ ಮಾರಾಟವಾಗುತ್ತದೆ ಎಂದು ನಾನು ಹೇಳುವುದಿಲ್ಲ. ಬೆಲೆ ಇದೆ, ಬಣ್ಣ ಇದೆ, ಫ್ಯಾಷನ್ ಇದೆ. ಆದರೆ ಹಾಡು ತನ್ನ ಊರನ್ನು ಬೆನ್ನ ಮೇಲೆ ಹೊತ್ತು ತರುತ್ತದೆ. ಕನ್ನಡ ಹಾಡು ಕನ್ನಡದ ಊರನ್ನು ತರುತ್ತದೆ. ವ್ಯಾಪಾರಿಗೆ ನಾವು ಹೇಳಬೇಕಾದ ಮಾತು ಇದು. ‘ಹಚ್ಚದಿದ್ದರೆ ನೋಡಿಕೊಳ್ಳುತ್ತೇವೆ’ ಎಂಬ ಮಾತಲ್ಲ.

ತಿರುಳ್ಗನ್ನಡದ ಮಂದಿಗೆ ಹಾಡಿನ ಬರವೇ?

ಸಾವಿರದ ನೂರಕ್ಕೂ ಹೆಚ್ಚು ವರ್ಷದ ಹಿಂದಿನ ‘ಕವಿರಾಜಮಾರ್ಗ’ ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಗೆ ನಮ್ಮ ಕೊಪಣ ನಗರವನ್ನೂ ಹೆಸರಿಸಿದೆ. ಕೊಪಣ ಎಂದರೆ ಇದೇ ಕೊಪ್ಪಳ. ಅಂಥ ನೆಲದ ಬಜಾರಿನಲ್ಲಿ ಹಚ್ಚಲು ಕನ್ನಡ ಹಾಡು ಸಿಗಲಿಲ್ಲ ಎಂದರೆ ನಗಬೇಕೋ ಅಳಬೇಕೋ?

ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಇದೇ ಕೊಪ್ಪಳ ತಾಲೂಕಿನವರು. ತೊಗಲುಗೊಂಬೆ ಕುಣಿಸುತ್ತಾ ರಾಮಾಯಣ, ಮಹಾಭಾರತ ಹಾಡಿದ ಜೀವ. 2025ರಲ್ಲಿ ಕೇಂದ್ರ ಸರ್ಕಾರ ಅವರಿಗೆ ಪದ್ಮಶ್ರೀ ಘೋಷಿಸಿದಾಗ ಅವರಿಗೆ ತೊಂಬತ್ತು ದಾಟಿತ್ತು. ಶಾಲೆಯ ಮೆಟ್ಟಿಲು ಹತ್ತದವರ ಬಾಯಲ್ಲೂ ಪುರಾಣಗಟ್ಟಲೆ ಹಾಡು ಇರುವ ಸೀಮೆ ಇದು. ಪಕ್ಕದ ಗದಗಿನ ವೀರೇಶ್ವರ ಪುಣ್ಯಾಶ್ರಮ ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ನೆರಳಿನಲ್ಲಿ ಎಷ್ಟು ಮಂದಿ ಹಾಡುಗಾರರನ್ನು ಬೆಳೆಸಿತು! ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರ ವಚನ ಗಾಯನ, ಭೀಮಸೇನ ಜೋಶಿಯವರ ದಾಸವಾಣಿ, ಎಲ್ಲವೂ ನಮ್ಮ ಸುತ್ತಿನ ನೆಲದವೇ.

1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು, ಸಂಗೀತ ಮೈಸೂರು ಅನಂತಸ್ವಾಮಿಯವರದು. ಭಾವಗೀತೆಗೆ ಬಜಾರು ಇದೆ ಎಂದು ಅದು ತೋರಿಸಿತು. ಸಿ. ಅಶ್ವತ್ಥರ ದನಿಯಲ್ಲಿ ಶರೀಫ ಸಾಹೇಬರ ಪದಗಳು ಮನೆಮನೆಗೆ ಹೋದವು. ನಾನು ಹುಡುಗನಿದ್ದಾಗ ನಮ್ಮ ಪ್ರೆಸ್ಸಿನ ಪಕ್ಕದ ಸೈಕಲ್ ಅಂಗಡಿಯಲ್ಲಿ ಎರಡೇ ಕ್ಯಾಸೆಟ್ ಇದ್ದವು, ಒಂದು ಶರೀಫರ ಪದ, ಒಂದು ರಾಜ್‌ಕುಮಾರ್ ಸಿನಿಮಾದ್ದು. ಟೇಪು ಸವೆದು ದನಿ ಎಳೆಯುವತನಕ ಅವನ್ನೇ ಕೇಳಿ ನಾನು ಮೊಳೆ ಜೋಡಿಸಿದೆ. ಆ ಪದಗಳ ಅರ್ಧ ಕಾಗುಣಿತ ನನಗೆ ಬಂದದ್ದು ಹಾಗೆ.

ಆಗ ಕ್ಯಾಸೆಟ್ಟನ್ನು ಆರಿಸುವುದು ಅಂಗಡಿಕಾರನ ಕೈಯಲ್ಲಿತ್ತು. ಈಗ ಹಾಡು ಆರಿಸುವುದು ಫೋನಿನ ಆ್ಯಪ್! ಒಂದು ಸಲ ಒತ್ತಿಬಿಟ್ಟರೆ ಅದು ತನಗೆ ತಿಳಿದದ್ದನ್ನು ಒಂದರ ಹಿಂದೊಂದು ಹಚ್ಚುತ್ತದೆ. ದೊಡ್ಡ ಕಂಪನಿಗಳ ಶಾಖೆಗಳಲ್ಲಂತೂ ಹಾಡಿನ ಪಟ್ಟಿ ದೂರದ ಮುಖ್ಯ ಕಚೇರಿಯಿಂದ ಬರುವುದೇ ಹೆಚ್ಚು. ಗಲ್ಲಾದ ಮೇಲೆ ಕೂತ ನಮ್ಮ ಹುಡುಗನಿಗೆ ಅದನ್ನು ಬದಲಿಸುವ ಅಧಿಕಾರವಿರುವುದಿಲ್ಲ. ನಮ್ಮ ಅಂಗಡಿಕಾರರಲ್ಲಿ ಹೆಚ್ಚಿನವರು ಕನ್ನಡದ ದ್ವೇಷಿಗಳಲ್ಲ, ಆರಿಸುವುದನ್ನು ಮರೆತವರು. ಮರೆತವರಿಗೆ ನೆನಪಿಸಬೇಕು, ಬೈಯಬಾರದು.

ಹೊತ್ತಿಗೊಂದು ಹಾಡು

ಆ ಅರಿವೆ ಅಂಗಡಿಗೆ ನಾನು ಮತ್ತೆ ಹೋದೆ. ಈ ಸಲ ಒಬ್ಬನೇ. ಮೊದಲು ಎರಡು ಟಾವೆಲ್ ಕೊಂಡೆ! ಆಮೇಲೆ ಹೇಳಿದೆ: ‘ಸಾವ್ಕಾರ್ರ, ಹದಿನೈದು ದಿನ ನಾ ಹೇಳಿದಂಗ ಹಚ್ಚಿ ನೋಡ್ರಿ. ಬ್ಯಾಸರಾತಂದ್ರ ತೆಗೀರಿ.’ ಒಂದು ಪೆನ್‌ಡ್ರೈವ್ ಕೊಟ್ಟೆ, ಒಂದು ಚೀಟಿ ಬರೆದುಕೊಟ್ಟೆ. ಅದರಲ್ಲಿದ್ದ ಲೆಕ್ಕವನ್ನು ನಿಮಗೂ ಹೇಳುತ್ತೇನೆ, ಬರೆದುಕೊಳ್ಳಿ.

ಬೆಳಿಗ್ಗೆ ಬಾಗಿಲು ತೆಗೆದು ಕಸ ಗುಡಿಸಿ ದೀಪ ಹಚ್ಚುವ ಹೊತ್ತು: ವಚನ, ದಾಸರ ಪದ, ಶರೀಫರ ತತ್ವಪದ. ಇದನ್ನು ಹೆಚ್ಚಿನ ಅಂಗಡಿಗಳು ಈಗಲೂ ಮಾಡುತ್ತವೆ. ಕನ್ನಡ ಇನ್ನೂ ಉಳಿದಿರುವುದು ಈ ಅರ್ಧ ತಾಸಿನಲ್ಲೇ. ನಮ್ಮ ಕೆಲಸ ಅದನ್ನು ಮುಂದಕ್ಕೆ ಬೆಳೆಸುವುದು.

ಹನ್ನೊಂದರಿಂದ ಎರಡು ಗಂಟೆ: ಹಳ್ಳಿಯಿಂದ ಬಸ್ಸಿಗೆ ಬಂದವರ ಹೊತ್ತು. ವಯಸ್ಸಾದವರು, ಲಗ್ನದ ಜವಳಿಗೆ ಬಂದ ಮನೆಮಂದಿ. ಇವರಿಗೆ ಆತುರ ಮಾಡಬಾರದು. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ರಾಜ್‌ಕುಮಾರ್ ಹಾಡಿದ ಹಳೆಯ ಚಿತ್ರಗೀತೆ, ನಿಧಾನ ನಡೆಯ ಭಾವಗೀತೆ. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್-ನಾಗೇಂದ್ರ ಇವರ ಸಂಗೀತದಲ್ಲೇ ತಿಂಗಳಿಗೆ ಸಾಕಾಗುವಷ್ಟು ಹಾಡು ಇವೆ.

ಸಂಜೆ ಐದರ ಮೇಲೆ: ಕಾಲೇಜು ಬಿಟ್ಟು ಬರುವ ನಿಮ್ಮಂಥವರ ಹೊತ್ತು. ಹಂಸಲೇಖ ಅವರಿಂದ ಹಿಡಿದು ಈ ವರ್ಷದ ಸಿನಿಮಾದವರೆಗೆ, ಕನ್ನಡದ ರ‍್ಯಾಪ್ ಇದ್ದರೆ ಅದೂ ಇರಲಿ. ಕನ್ನಡ ಎಂದರೆ ಬರೀ ಅಜ್ಜನ ಕಾಲದ್ದು ಅನ್ನುವ ಭಾವನೆ ನಿಮಗೇ ಬಂದರೆ ಮುಗಿಯಿತು.

ಇನ್ನು ಅಂಗಡಿಯ ಜಾತಿ ನೋಡಿ. ಖಾನಾವಳಿಯಲ್ಲಿ ಮಧ್ಯಾಹ್ನದ ಗದ್ದಲದಲ್ಲಿ ನಿಧಾನದ ಹಾಡು ಬೇಡ. ಅದೇ ಮಿಲ್ಲಿಮನ್ 1986ರಲ್ಲಿ ಹೋಟೆಲಿನಲ್ಲೂ ನೋಡಿದ್ದಾರೆ, ನಿಧಾನದ ಸಂಗೀತಕ್ಕೆ ಜನ ಏಳುವುದು ತಡ. ರೊಟ್ಟಿ ಊಟಕ್ಕೆ ಹೊರಗೆ ಮಂದಿ ಕಾಯುತ್ತಿರುವಾಗ ಚುರುಕು ನಡೆಯ ಜಾನಪದ ಹಚ್ಚಿ. ರಾತ್ರಿ ಮನೆಮಂದಿ ಜೊತೆ ಬಂದವರಿಗೆ ನಿಧಾನದ್ದು ಹಚ್ಚಿ. ಬಂಗಾರದ ಅಂಗಡಿಯಲ್ಲಿ ಮಾತಿಲ್ಲದ ವಾದ್ಯವೇ ಚೆಂದ, ಜನ ಅಲ್ಲಿ ಲೆಕ್ಕ ಹಾಕುತ್ತಾ ಇರುತ್ತಾರೆ. ಧಾರವಾಡದ ಬಾಲೇಖಾನರ ಸಿತಾರ್, ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್. 1977ರ ‘ಸನಾದಿ ಅಪ್ಪಣ್ಣ’ ಚಿತ್ರಕ್ಕೆ ಬಿಸ್ಮಿಲ್ಲಾ ಖಾನರು ನುಡಿಸಿದ ಶಹನಾಯಿ ಇದೆ, ಲಗ್ನದ ಬಂಗಾರ ಕೊಳ್ಳುವ ಮನೆಯವರಿಗೆ ಅದಕ್ಕಿಂತ ಏನು ಬೇಕು? ಗಂಗಾವತಿಯ ಆಡತ್ ಅಂಗಡಿಯಲ್ಲಿ ಭತ್ತದ ದರ ಮಾತಾಡುವಾಗ ಹಾಡೇ ಬೇಡ, ಒಂದು ಮಾತು ತಪ್ಪಿ ಕೇಳಿಸಿದರೆ ಜಗಳ. ಔಷಧದ ಅಂಗಡಿಯಲ್ಲೂ ಬೇಡ. ಅಲ್ಲಿಗೆ ಬರುವವರು ಮನೆಯಲ್ಲಿ ಯಾರನ್ನೋ ಮಲಗಿಸಿ ಬಂದಿರುತ್ತಾರೆ. ಮೌನಕ್ಕೂ ಒಂದು ಮರ್ಯಾದೆ ಇದೆ.

ಸೌಂಡ್ ಎಷ್ಟು? ಕೌಂಟರಿನ ಆಚೆ ಈಚೆ ನಿಂತ ಇಬ್ಬರು ದನಿ ಏರಿಸದೆ ಮಾತಾಡುವಂತಿರಬೇಕು. ಇದೇ ಅಳತೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಾಣಿಜ್ಯ ಪ್ರದೇಶಕ್ಕೆ ಹಗಲು 65 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 55 ಡೆಸಿಬಲ್ ಮಿತಿ. ಬೀದಿಗೆ ಮುಖ ಮಾಡಿ ಡಬ್ಬಿ ಇಡುವುದು ಹಾಡು ಹಚ್ಚುವುದಲ್ಲ, ಪಕ್ಕದ ಅಂಗಡಿಯ ಮೇಲೆ ಯುದ್ಧ ಹೂಡುವುದು. ಮತ್ತೆ, ಒಂದೇ ಹತ್ತು ಹಾಡನ್ನು ದಿನವಿಡೀ ತಿರುಗಿಸಬೇಡಿ. ಗಿರಾಕಿ ಒಂದು ಸಲ ಕೇಳಿ ಹೋಗುತ್ತಾನೆ, ಕೆಲಸದ ಹುಡುಗಿ ಇಪ್ಪತ್ತು ಸಲ ಕೇಳುತ್ತಾಳೆ. ಪಟ್ಟಿ ಮಾಡುವಾಗ ಅವಳನ್ನೂ ಕೇಳಿ.

ಹದಿನೈದು ದಿನವಾದ ಮೇಲೆ ಹೋದೆ. ವ್ಯಾಪಾರ ದುಪ್ಪಟ್ಟಾಯಿತು ಎಂದು ಸುಳ್ಳು ಹೇಳಲಾರೆ. ಮಾಲೀಕರು ಹೇಳಿದ್ದು ಇಷ್ಟೇ: ‘ಹಾಡು ಬಂದ್ ಮಾಡ್ರಿ ಅಂತ ಈಗ ಯಾರೂ ಅನ್ನಂಗಿಲ್ಲ ನೋಡ್ರಿ. ಮೊನ್ನೆ ಒಬ್ಬಾಕಿ ಮುದುಕಿ, ಈ ಪದ ನಮ್ಮವ್ವ ಹಾಡತಿದ್ಲು ಅಂತ ಪೂರ್ತಿ ಮುಗಿಯೂತನಕ ಕುಂತು ಕೇಳಿ ಎದ್ಲು.’ ಮುದುಕಿ ಏನಾದರೂ ಕೊಂಡಳೇ ಎಂದು ನಾನು ಕೇಳಲಿಲ್ಲ. ಕೌಂಟರಿನ ಹುಡುಗಿ ಆ ಪದವನ್ನು ಗುನುಗುತ್ತಾ ಸೀರೆ ಮಡಚುತ್ತಿದ್ದಳು.

ನೆರೆಯವರು ವೈರಿಗಳಲ್ಲ

ಗಂಗಾವತಿಯಿಂದ ಬಂದ ತಮ್ಮಂದಿರು ಒಂದು ಪ್ರಶ್ನೆ ಕೇಳುತ್ತೀರಿ, ನನಗೆ ಗೊತ್ತು. ‘ನಮ್ಮಲ್ಲಿ ಕ್ಯಾಂಪುಗಳವರು ಬರ್ತಾರ, ತೆಲುಗು ಹಾಡು ಕೇಳ್ತಾರ, ಏನು ಮಾಡೋದು?’ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಬಂದು ಭತ್ತ ಬೆಳೆದ ಕುಟುಂಬಗಳು ಅವು. ಅವರ ಮಕ್ಕಳು, ಮೊಮ್ಮಕ್ಕಳು ಇಲ್ಲೇ ಹುಟ್ಟಿ ಬೆಳೆದವರು. ಊರಿನಲ್ಲಿ ಉರ್ದು ಮಾತಾಡುವ ಮನೆಗಳಿವೆ, ತಾಂಡಾಗಳಿವೆ, ಈಗ ಗಿಣಗೇರಿ ಕಡೆಯ ಕಾರ್ಖಾನೆಗಳಿಗೆ ಉತ್ತರದಿಂದ ಬಂದ ಕೂಲಿಕಾರರಿದ್ದಾರೆ. ಅವರ ಹಾಡಿನ ಮೇಲೆ ನಮಗೆ ಸಿಟ್ಟಿಲ್ಲ. ದಿನದಲ್ಲಿ ನಾಲ್ಕು ತೆಲುಗು ಹಾಡು ಬಂದರೆ ಕನ್ನಡ ಸಾಯುವುದಿಲ್ಲ. ಕನ್ನಡ ಸಾಯುವುದು ಕನ್ನಡದ ಅಂಗಡಿಕಾರ, ಕನ್ನಡದ ಗಿರಾಕಿ, ಕನ್ನಡದ ಕೆಲಸಗಾರ ಮೂವರೂ ಇದ್ದು ಕನ್ನಡದ ಹಾಡು ಮಾತ್ರ ಇಲ್ಲದಾಗ! ಅಂಗಡಿಯ ಮೊದಲ ದನಿ ಕನ್ನಡವಾಗಿರಲಿ, ಹೆಚ್ಚಿನ ಹೊತ್ತು ಕನ್ನಡವಿರಲಿ, ಬಂದವರ ಕಿವಿಗೂ ಅದು ಸಿಹಿಯಾಗಲಿ. ಹೊರಗಿನಿಂದ ಬಂದವನು ಒಂದು ಭಾಷೆಯನ್ನು ಹಾಡಿನಿಂದ ಕಲಿತಷ್ಟು ಸುಲಭವಾಗಿ ಘೋಷಣೆಯಿಂದ ಕಲಿಯಲಾರ.

ಕವಿಯ ಜೇಬಿಗೆ ಕೈ ಹಾಕಬೇಡಿ

ಈಗ ಎರಡನೆಯ ತಪ್ಪೊಪ್ಪಿಗೆ. ನಾನು ಕೊಟ್ಟೆನಲ್ಲ ಆ ಪೆನ್‌ಡ್ರೈವ್, ಅದು ಕಳ್ಳಮಾಲು. ಯಾರೋ ಎಲ್ಲಿಂದಲೋ ಇಳಿಸಿಕೊಂಡದ್ದನ್ನು ನಾನು ತುಂಬಿಸಿಕೊಂಡಿದ್ದೆ. ನಾನು ಅಚ್ಚು ಹಾಕಿದ ಕ್ಯಾಲೆಂಡರಿನ ಡಿಸೈನನ್ನು ಇನ್ನೊಬ್ಬ ಜೆರಾಕ್ಸ್ ಹೊಡೆಸಿದರೆ ಊರು ತಲೆಯ ಮೇಲೆ ಹೊರುವ ನಾನು, ಕನ್ನಡದ ಹಾಡುಗಾರರ ದುಡಿಮೆಯನ್ನು ಪುಕ್ಕಟೆ ಹಂಚಿದ್ದೆ!

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಾಡಿನಲ್ಲಿ ಒಂದೇ ಹಕ್ಕಲ್ಲ, ಸಾಹಿತ್ಯಕ್ಕೆ ಒಂದು, ರಾಗ ಸಂಯೋಜನೆಗೆ ಒಂದು, ಧ್ವನಿಮುದ್ರಣಕ್ಕೆ ಮತ್ತೊಂದು. ಸಾಹಿತ್ಯ-ಸಂಯೋಜನೆಯ ಹಕ್ಕು ಕರ್ತೃ ತೀರಿದ ಮೇಲೆ 60 ವರ್ಷ, ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ. 1889ರಲ್ಲಿ ತೀರಿದ ಶರೀಫರ ಪದಕ್ಕೆ ಹಕ್ಕಿನ ಮಾತಿಲ್ಲ, ಆದರೆ ಅದಕ್ಕೆ ಇತ್ತೀಚೆಗೆ ಹಾಕಿದ ರಾಗಕ್ಕೆ, ಆ ಧ್ವನಿಮುದ್ರಣಕ್ಕೆ ಇದೆ. 1981ರಲ್ಲಿ ತೀರಿದ ಬೇಂದ್ರೆಯವರ ಕವಿತೆಗೆ 2041ರ ತನಕ ಇದೆ. ನಮ್ಮ ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ ಹುಟ್ಟಿ 1994ರಲ್ಲಿ ತೀರಿದ ಸಿದ್ದಯ್ಯ ಪುರಾಣಿಕರ ಕವಿತೆಗೆ 2054ರ ತನಕ ಇದೆ.

ಲಗ್ನದ ಮೆರವಣಿಗೆಯಲ್ಲಿ, ಧಾರ್ಮಿಕ ಸಮಾರಂಭದಲ್ಲಿ ಹಾಡು ಹಚ್ಚಲು ಕಾಯ್ದೆಯಲ್ಲೇ ವಿನಾಯಿತಿ ಇದೆ. ಅಂಗಡಿಗೆ ಇಲ್ಲ. ಅಂಗಡಿಯಲ್ಲಿ ಹಚ್ಚುವುದು ಸಾರ್ವಜನಿಕರಿಗೆ ಕೇಳಿಸುವುದು, ಅದಕ್ಕೆ ಪರವಾನಗಿ ಪಡೆಯಬೇಕು. ಸಾಹಿತ್ಯ-ಸಂಗೀತ ಬರೆದವರ ಪರವಾಗಿ ಐಪಿಆರ್‌ಎಸ್ ಎಂಬ ಸಂಸ್ಥೆ 1969ರಿಂದ ಇದೆ, ಧ್ವನಿಮುದ್ರಣ ಕಂಪನಿಗಳ ಪರವಾಗಿ ಪಿಪಿಎಲ್ ಇದೆ. ಫೋನಿನ ಆ್ಯಪ್‌ಗೆ ತಿಂಗಳ ದುಡ್ಡು ಕಟ್ಟಿದ್ದೇನೆ ಎಂದರೂ ಸಾಲದು, ಅವು ಸಾಮಾನ್ಯವಾಗಿ ಸ್ವಂತ ಬಳಕೆಗೆ ಮಾತ್ರ. 2012ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ಗೌರವಧನದ ಪಾಲು ಇಂಥ ಬಳಕೆಯಿಂದ ಬರಲೇಬೇಕು, ಅದನ್ನು ಬರೆಸಿಕೊಂಡು ಕಸಿದುಕೊಳ್ಳುವಂತಿಲ್ಲ ಎಂದಾಯಿತು. ನೋಡಿ, ಕನ್ನಡ ಹಾಡು ಹಚ್ಚಿ ಪರವಾನಗಿ ಕಟ್ಟಿದರೆ ಅದರ ಪಾಲು ಕನ್ನಡದ ಗೀತರಚನಕಾರನ ಮನೆಯ ದಾರಿ ಹಿಡಿಯುತ್ತದೆ. ಕನ್ನಡ ಉಳಿಸುತ್ತೇವೆ ಎಂದು ಕನ್ನಡದ ಕವಿಯ ಜೇಬಿಗೇ ಕೈ ಹಾಕಿದರೆ ಅದು ಯಾವ ಅಭಿಮಾನ?

ನೀವು ಮಾಡಬೇಕಾದದ್ದು

1982ರ ಗೋಕಾಕ್ ಚಳವಳಿಯಲ್ಲಿ ರಾಜ್‌ಕುಮಾರ್ ಊರೂರು ತಿರುಗಿದಾಗ ನಾನು ತೊಟ್ಟಿಲಲ್ಲಿದ್ದೆ. ಆ ಕಾಲಕ್ಕೆ ಬೀದಿಗಿಳಿಯುವುದು ಬೇಕಾಗಿತ್ತು, ಇಳಿದರು. ಎಲ್ಲ ಕೆಲಸವೂ ಬೀದಿಯದ್ದಲ್ಲ. ಬೆಂಗಳೂರಿನ ಕಥೆ ಕೇಳಿ. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಅಲ್ಲಿ ಶುರುವಾಯಿತು. ಕನ್ನಡದ ರಾಜಧಾನಿಯ ಗಾಳಿಯಲ್ಲಿ ಆಗ ಹಿಂದಿ ಹಾಡಿನದೇ ದರ್ಬಾರು. 2006ರ ಸುಮಾರಿಗೆ ಹೊಸ ಕೇಂದ್ರಗಳು ಬಂದವು. ಕೇಳುಗರು ಕನ್ನಡ ಕೇಳಿದರು, ಕನ್ನಡ ಹಚ್ಚಿದ ಕೇಂದ್ರಕ್ಕೆ ಕೇಳುಗರು ಸಿಕ್ಕರು, ಕೇಳುಗರ ಬೆನ್ನು ಹತ್ತಿ ಜಾಹೀರಾತು ಬಂತು. ಹಲವು ಕೇಂದ್ರಗಳು ಕನ್ನಡಕ್ಕೆ ತಿರುಗಿದವು. ನಮ್ಮ ಭಾಷೆಯ ಸೊಗಸು ನೋಡಿ, ಕಿವಿಯಿಂದ ಆಲಿಸುವುದಕ್ಕೂ ‘ಕೇಳು’ ಅನ್ನುತ್ತೇವೆ, ಬೇಕು ಎನ್ನುವುದಕ್ಕೂ ‘ಕೇಳು’ ಅನ್ನುತ್ತೇವೆ. ಕೇಳಿದರೆ ಕೇಳಿಸುತ್ತದೆ!

ಆದ್ದರಿಂದ ಇವತ್ತು ಇಲ್ಲಿಂದ ಎದ್ದ ಮೇಲೆ ಒಬ್ಬೊಬ್ಬರೂ ಒಂದೊಂದು ಅಂಗಡಿ ಹಿಡಿಯಿರಿ, ನೀವು ದಿನಾ ಹೋಗುವ ಅಂಗಡಿ. ಗುಂಪಾಗಿ ಹೋಗಬೇಡಿ. ಏನಾದರೂ ಕೊಳ್ಳಿ, ದುಡ್ಡು ಕೊಡುವಾಗ ನಗುತ್ತಾ ಕೇಳಿ, ‘ಕನ್ನಡದ್ದು ಒಂದು ಹಾಡು ಹಚ್ಚರಿ’ ಅಂತ. ಮಾಲೀಕರ ಫೋನಿನ ಆ್ಯಪ್‌ನಲ್ಲಿ ಕನ್ನಡವನ್ನು ಮೊದಲ ಭಾಷೆ ಮಾಡಿಕೊಡಿ, ಎರಡು ನಿಮಿಷದ ಕೆಲಸ. ಹೊತ್ತಿಗೆ ತಕ್ಕ ಪಟ್ಟಿ ಬರೆದುಕೊಡಿ, ಪರವಾನಗಿಯ ಮಾತನ್ನೂ ತಿಳಿಸಿ. ಕಂಪನಿ ಶಾಖೆಯಾದರೆ ಅಲ್ಲಿಯ ಹುಡುಗನ ಮೇಲೆ ರೇಗಬೇಡಿ, ಅವರ ಗ್ರಾಹಕ ಸೇವೆಗೆ ಕನ್ನಡದಲ್ಲಿ ಪತ್ರ ಬರೆಯಿರಿ. ಒಂದೇ ಊರಿನಿಂದ ನೂರು ಪತ್ರ ಹೋದರೆ ಮುಖ್ಯ ಕಚೇರಿಯವರಿಗೂ ಕಿವಿ ಬರುತ್ತದೆ.

ಪಟ್ಟಿಯನ್ನು ಅಚ್ಚು ಹಾಕಿಕೊಡುವ ಕೆಲಸ ನನ್ನದು. ಒಂದು ಹಾಳೆ, ಎರಡು ಬಣ್ಣ, ಬೆಳಿಗ್ಗೆ-ಮಧ್ಯಾಹ್ನ-ಸಂಜೆ ಎಂದು ಮೂರು ಕಾಲಂ. ನಾಲ್ಕೂ ಊರಿಗೆ ಕಾಗದದ ಖರ್ಚು ನನ್ನದೇ. ಹಾಡು ಆರಿಸುವ ಕೆಲಸ ನಿಮ್ಮದು. ಆರಿಸುವಾಗ ಅಂಗಡಿಯಲ್ಲಿ ದುಡಿಯುವ ನಿಮ್ಮ ಅಕ್ಕ-ತಂಗಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹಾಳೆಯ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲನ್ನು ಮಾತ್ರ ನಾನೇ ಸೇರಿಸುತ್ತೇನೆ: ‘ಸೌಂಡ್ ಕಡಿಮಿ ಇರಲ್ರಿ.’